ಸಿಂದಿಯ ರುಚಿ ನೋಡುತ್ತಿದ್ದ ಅತ್ತೆ

ಮದುವೆಯಾಗಿ ಬಂದ ವಾರದಲ್ಲೇ ನಮ್ಮ ಅತ್ತೆ ನನ್ನ ಕೈಗೊಂದು ತಂಬಿಗೆ ಕೊಟ್ಟು, "ಕುಡದು ಹೇಳು ಪೋರಿ, ಹ್ಯಾಂಗದ?" ಎಂದರು. ಬೆಳ್ಳಗಿತ್ತು. ಮಜ್ಜಿಗೆ ಇರಬೇಕೆಂದು ಗಟಗಟ ಕುಡಿದೆ. ಅದು ಸಿಂದಿ.

ನಾನು ಬೀದರ ಶಹರದವಳು. ಕೋಟೆಯ ಹತ್ತಿರದ ಓಣಿಯಲ್ಲಿ, ಮಾಸ್ತರರ ಮಗಳಾಗಿ ಬೆಳೆದವಳು. ನಮ್ಮ ಮನೆಯಲ್ಲಿ ಸಿಂದಿ ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ. ಆಡಲೇಬೇಕಾದರೆ 'ಅದು' ಎನ್ನುತ್ತಿದ್ದೆವು. ಅಪ್ಪ ಸಂಜೆ ತಿರುಗಾಡಿ ಬಂದಾಗ 'ಅದರ' ವಾಸನೆ ಬಂದರೆ ಅವ್ವ ಕಿಟಕಿ ತೆರೆದು, ಈ ಓಣಿಯ ಜನರೇ ಸರಿಯಿಲ್ಲ ಎಂದು ಬಯ್ಯುತ್ತಿದ್ದಳು. ಅಂಥ ಮನೆತನದ ಹುಡುಗಿಯಾದ ನಾನು ಹಳ್ಳಿಯ ಅಂಗಳದಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತು, ತುಟಿಯ ಮೇಲಿನ ನೊರೆ ಒರೆಸಿಕೊಳ್ಳುತ್ತಿದ್ದೆ.

"ಹುಳಿ ಅದರಿ" ಎಂದೆ.

"ಹುಳಿ ಅಂತ ನಮ್ಮ ಟಗರಿಗೂ ಗೊತ್ತದ. ಎಂಥಾ ಹುಳಿ, ಅದು ಹೇಳು."

ಅತ್ತೆ ತಂಬಿಗೆ ಕಸಿದುಕೊಂಡು ಉಳಿದದ್ದನ್ನು ತಾವು ಕುಡಿದರು. ಬಾಯೊಳಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ನುಂಗಿ, ಕಣ್ಣು ಮುಚ್ಚಿ, "ಇದು ಅಳಿಯ" ಎಂದರು. ಎದುರಿಗೆ ಗಡಿಗೆ ಇಟ್ಟುಕೊಂಡು ಕೂತಿದ್ದ ಸಿಂದಿಯವನ ಮುಖ ಸಣ್ಣಗಾಯಿತು.

ನಮ್ಮ ಊರು ಠಾಣಾ ಕುಶನೂರಿನಿಂದ ನಡೆದು ಹೋಗುವಷ್ಟು ದೂರ. ಹಳ್ಳದ ಎರಡೂ ದಂಡೆಗೆ ಈಚಲ ಗಿಡಗಳು. ಚಳಿಗಾಲ ಬಂತೆಂದರೆ ಸಿಂದಿ ಇಳಿಸುವವರು ಸಂಜೆ ಗಿಡದ ಕುತ್ತಿಗೆ ಕೆತ್ತಿ ಗಡಿಗೆ ಕಟ್ಟಿ, ಬೆಳಗಾಗುವ ಹೊತ್ತಿಗೆ ಇಳಿಸುತ್ತಿದ್ದರು. ರಸ ಒಂದೇ ಹಳ್ಳದ್ದಾದರೂ ಒಬ್ಬೊಬ್ಬನ ಕೈಗೆ ಒಂದೊಂದು ರುಚಿ. ಗಡಿಗೆಗೆ ಹೊಗೆ ಹಾಕುವವನೊಬ್ಬ, ಸುಣ್ಣ ಸವರುವವನೊಬ್ಬ, ಗಡಿಗೆಯನ್ನು ತೊಳೆಯದೆಯೇ ಕಟ್ಟಿ 'ಇದು ನಮ್ಮ ಹಿರಿಯರ ಪದ್ಧತಿ' ಎನ್ನುವವನೊಬ್ಬ. ಹಂಗಾಮಿನ ಮೊದಲ ಗಡಿಗೆಯನ್ನು ಇವರೆಲ್ಲ ನಮ್ಮ ಅತ್ತೆಯ ಮುಂದೆ ತಂದಿಡಬೇಕು. ಅದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಅತ್ತೆ ಬೆಳಿಗ್ಗೆ ಏನು ಹೇಳಿದರು ಎಂಬುದು ಮಧ್ಯಾಹ್ನಕ್ಕೆ ಕುಶನೂರಿನಲ್ಲಿ, ಸಂಜೆಗೆ ಔರಾದಿನಲ್ಲಿ ಗೊತ್ತಾಗಿರುತ್ತಿತ್ತು. ಯಾರ ಗಡಿಗೆ ಖಾಲಿಯಾಗಬೇಕು, ಯಾರದು ಹುಳಿತು ಹಳ್ಳಕ್ಕೆ ಹೋಗಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತಿತ್ತು.

ಅವರು ಛಲೋ, ಕೆಟ್ಟದ್ದು ಎಂದು ಹೇಳುತ್ತಲೇ ಇರಲಿಲ್ಲ. ಎಲ್ಲಕ್ಕೂ ಬಳಗದವರ ಹೆಸರು. ನೊರೆಯೇ ನೊರೆ, ಒಳಗೇನೂ ಇಲ್ಲ ಎಂದರೆ 'ಅಳಿಯ'. ನಾಲಿಗೆಯ ತುದಿಗೆ ಸಿಹಿ, ಗಂಟಲಿಗೆ ಇಳಿದ ಮೇಲೆ ಚುಚ್ಚಿದರೆ 'ನಾದಿನಿ'. ಸಿಹಿಯೂ ಇಲ್ಲ ಹುಳಿಯೂ ಇಲ್ಲ, ಕುಡಿದರೆ ನಿದ್ದೆ ಬರುತ್ತದೆ, ಯಾರಿಗೂ ಉಪದ್ರವವಿಲ್ಲ ಎಂದರೆ 'ಮಾವ'. ಇದನ್ನು ಹೇಳುವಾಗ ನನ್ನ ಮಾವ ಅಲ್ಲೇ ಕಂಬಳಿ ಹೊದ್ದು ಕೂತಿದ್ದರೂ ಅತ್ತೆಗೆ ಸಂಕೋಚವಿರಲಿಲ್ಲ. ಎದುರಿಗೆ ಹೊಗಳಿ ಹಿಂದೆ ಚೆಲ್ಲಬೇಕಾದದ್ದು 'ಬೀಗರು'. ಬೆಳಿಗ್ಗೆ ಬಾಯಿಗೆ ಹಿತವಾಗಿದ್ದು ಸಂಜೆಗೆ ತಡೆದುಕೊಳ್ಳಲಾಗದಂತೆ ಆಗುವುದು 'ಗಂಡ'. ಎಲ್ಲಕ್ಕಿಂತ ಮೇಲಿನದು 'ಮೊಮ್ಮಗಳು': ಬಾಯಿಂದ ಕೆಳಗಿಳಿಸಲು ಮನಸ್ಸೇ ಬಾರದ ಸಿಂದಿ. ಆ ಮಾತು ಬಂದಾಗಲೆಲ್ಲ ಅತ್ತೆ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದರು.

ಎರಡು ವರ್ಷ ಮಳೆ ಕೈಕೊಟ್ಟಿತ್ತು. ಕುರಿಗಳಿಗೆ ಮೇವಿಲ್ಲದೆ ಮಾವ ಒಂದಿಷ್ಟನ್ನು ಭಾಲ್ಕಿ ಸಂತೆಗೆ ಹೊಡೆದುಕೊಂಡು ಹೋದಾಗ, ಅತ್ತೆ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹಿಂದೆಯೇ ಹೊರಟರು. ಕುರಿಗಳ ಮೇಲೆ ಅಷ್ಟು ಮಮತೆಯೇ ಎಂದುಕೊಂಡೆ. ಬಸ್ಸಿಳಿದವರೇ ಸಂತೆಯ ಕಡೆ ತಿರುಗಿಯೂ ನೋಡದೆ ಸಿಂದಿ ಮಾರುವ ಒಂದು ತಟ್ಟಿ ಅಂಗಡಿಗೆ ನುಗ್ಗಿದರು. ಗಂಡಸರೆಲ್ಲ ಕೂತಲ್ಲೇ ಸರಿದು ಜಾಗ ಬಿಟ್ಟರು. ಒಂದು ಗುಟುಕು ಕುಡಿದು, ಅಂಗಡಿಯವನಿಗೆ, "ಎತ್ತಿನ ಬಂಡ್ಯಾಗ ತಂದೀಯೇನಪ್ಪಾ? ಕುಲುಕಿ ಕುಲುಕಿ ಇದರ ಜೀವಾನೇ ತೆಗದೀರಿ. ಅಳಿಯ, ಅದೂ ಮನಿಅಳಿಯ" ಎಂದರು. ಕುಡಿಯುತ್ತಿದ್ದವರಲ್ಲಿ ಒಬ್ಬ ಎದ್ದು ಹೋದ. ಅವನು ಅಂಗಡಿಯವನ ಮನೆಯಲ್ಲೇ ಇದ್ದ ಅಳಿಯನಂತೆ.

ಕಮಲನಗರದ್ದು ಅವರ ಪ್ರಕಾರ ಪಕ್ಕಾ ನಾದಿನಿ. ಮರಾಠಿಯಲ್ಲಿ ನಯವಾಗಿ ಬರಮಾಡಿಕೊಂಡು ಆಮೇಲೆ ಚುಚ್ಚುತ್ತದೆ. ಔರಾದಿನದು ಮಾವ. ನನ್ನ ತವರಾದ ಬೀದರಿನ ಸಿಂದಿಯ ಬಗ್ಗೆ ಅವರಿಗೆ ಬಲು ತಾತ್ಸಾರ. ಅದಕ್ಕೆ ಬಳಗದ ಹೆಸರನ್ನೂ ಕೊಡಲಿಲ್ಲ. "ನಿಮ್ಮ ಶಹರದಾಗ ಬರಗಾಲದಾಗೂ ನೀರಿಗಿ ಬರ ಇಲ್ಲ ನೋಡು, ಎಲ್ಲಾ ಸಿಂದಿ ಗಡಿಗ್ಯಾಗೇ ಅದ" ಎಂದರು. ನನಗೆ ಸಿಟ್ಟು ಬಂತು. ಬೀದರನ್ನು ಸಮರ್ಥಿಸಿಕೊಳ್ಳಲು ಹೋಗಿ, ನಾನು ಅಲ್ಲಿ ಸಿಂದಿ ಕುಡಿದೇ ಇಲ್ಲವೆಂಬುದು ನೆನಪಾಗಿ ಸುಮ್ಮನಾದೆ.

ಹೀಗೆ ಒಂದೂವರೆ ವರ್ಷದಲ್ಲಿ ನನ್ನ ನಾಲಿಗೆಯೂ ಪಳಗಿತು. ಬಂದ ಸಿಂದಿಯನ್ನು ಒಳಗೆ ಬಟ್ಟೆಯಲ್ಲಿ ಸೋಸಿ, ಬಿದ್ದ ಇರುವೆ ಜೇನ್ನೊಣ ತೆಗೆದು, ತಂಬಿಗೆಗೆ ಹಾಕಿ ಹೊರಗೆ ಕೊಡುವುದು ನನ್ನ ಕೆಲಸ. ಸೋಸುವಾಗ ಒಂದು ಗುಟುಕು ನಾನೂ ನೋಡುತ್ತಿದ್ದೆ. ಇದು ಬೀಗರು ಎಂದು ಮನಸ್ಸಿನಲ್ಲೇ ಅಂದುಕೊಳ್ಳುವುದು, ಹೊರಗೆ ಅತ್ತೆಯೂ ಬೀಗರು ಎಂದರೆ ಒಳಗೆ ಕೂತು ಹಿಗ್ಗುವುದು. ಮಾಸ್ತರರ ಮಗಳು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ.

ಅಷ್ಟರಲ್ಲಿ ಊರು ಖಾಲಿಯಾಗತೊಡಗಿತ್ತು. ನನ್ನ ಗಂಡ ಹೈದರಾಬಾದಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದ್ದರು. ಒಂದು ಖೋಲಿ ಸಿಕ್ಕಿದೆ, ಬಾ ಎಂದು ಬಂದುಹೋಗುವವರ ಕೈಲಿ ಹೇಳಿ ಕಳಿಸುತ್ತಿದ್ದರು. ನಾನಂತೂ ಮನಸ್ಸಿನಲ್ಲಿ ಬಸ್ಸು ಹತ್ತಿಯೇ ಬಿಟ್ಟಿದ್ದೆ. ಆದರೆ ಆ ವರ್ಷದ ದಸರೆಯ ಸುಮಾರಿಗೆ ಅತ್ತೆಗೆ ಜ್ವರ ಬಂತು. ಹಾಸಿಗೆ ಹಿಡಿದವರು ಎದ್ದ ಮೇಲೆ ನನ್ನ ಅಡಿಗೆಗೆ ಹೆಸರಿಡುವುದನ್ನು ಬಿಟ್ಟುಬಿಟ್ಟರು. ರೊಟ್ಟಿ ದಪ್ಪವಾಯಿತು ಎನ್ನಲಿಲ್ಲ, ಬ್ಯಾಳಿ ನೀರಾಯಿತು ಎನ್ನಲಿಲ್ಲ. ಹಾಕಿದ್ದನ್ನು ಉಂಡು ಕೈ ತೊಳೆಯುತ್ತಿದ್ದರು. ನಾನು ಗೆದ್ದೆ ಎಂದುಕೊಂಡೆ. ಇಡೀ ಔರಾದ ತಾಲೂಕಿಗೆ ಹೆಸರಿಡುವ ಹೆಂಗಸು ನನ್ನ ಕೈಯಡಿಗೆಗೆ ಸೋತರಲ್ಲ ಎಂದು ಮಾವನ ಮುಂದೆ ಜಂಬ ಕೊಚ್ಚಿದೆ.

ಒಂದು ದಿನ ಮಾವ ಎಲ್ಲಿಂದಲೋ ಸೌತೆಕಾಯಿ ತಂದರು. ಅತ್ತೆ ಒಂದಿಡೀ ಕಾಯಿಯನ್ನು ಕಚಕಚ ತಿಂದು ಮುಗಿಸಿದರು. ನಾನು ಇನ್ನೊಂದನ್ನು ಕಚ್ಚಿ ಅಲ್ಲೇ ಉಗುಳಿದೆ. ಬೇವಿನೆಲೆ ಅಗಿದಷ್ಟು ಕಹಿ.

"ಅತ್ತಿ, ಸೌತಿಕಾಯಿ ಹ್ಯಾಂಗಿತ್ರಿ?"

"ಛಲೋ ಅದ. ಯಾಕ?"

ನಾನು ಉಗುಳಿದ ಚೂರು ನೆಲದ ಮೇಲಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಕೂತರು. ಟಗರು ಗುದ್ದಲು ಬಂದರೆ ಅದರ ಕೊಂಬನ್ನೇ ಹಿಡಿದು ಬಯ್ಯುತ್ತಿದ್ದ ಹೆಂಗಸು ಹೆದರಿದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ. ನನ್ನ ಜಂಬವೆಲ್ಲ ಇಳಿದುಹೋಯಿತು. ಅಯ್ಯೋ ಅನಿಸಿತು.

"ಜರಾ ಬಂದು ಹೋದಾಗಿಂದ ಬಾಯಾಗ ಏನೂ ಇಲ್ಲ" ಎಂದರು. "ಉಪ್ಪಿಲ್ಲ, ಹುಳಿ ಇಲ್ಲ. ಮಣ್ಣು ತಿಂದಂಗ ಆಗ್ತದ. ಯಾರ ಮುಂದೂ ಹೇಳಬ್ಯಾಡ. ನಿಮ್ಮ ಮಾವನ ಮುಂದ ಮೊದಲೇ ಹೇಳಬ್ಯಾಡ, ಕುರಿಗೋಳಿಗಿ ಹೇಳಿದ್ರ ಸೈತ ಊರಿಗಿ ಕೇಳಸ್ತದ ಅವರ ಧ್ವನಿ. ಈ ನಾಲಿಗಿ ಸಲುವಾಗಿ ಮಂದಿ ನನ್ನ ಬಾಗಲಿಗಿ ಬರ್ತಾರ. ಇಲ್ಲಂದ್ರ ನಾನು ಯಾರು? ಕುರಿ ಕಾಯಾವನ ಹೇಂತಿ."

ಮುಂದಿನ ಮಾತು ಅವರು ಮೊದಲೇ ಯೋಚಿಸಿ ಇಟ್ಟುಕೊಂಡದ್ದು. ಸಿಂದಿ ಸೋಸುವಾಗ ನಾನು ರುಚಿ ನೋಡಬೇಕು. ಹೊರಗೆ ಕೊಡುವಾಗ ತಂಬಿಗೆಯ ಜೊತೆಗಿನ ತಾಟಿನಲ್ಲಿ ಬಾಯಾಡಿಸಲು ಏನಿಡುತ್ತೇನೆ ಎಂಬುದರಿಂದ ಅವರಿಗೆ ತಿಳಿಯಬೇಕು. ಉಳ್ಳಾಗಡ್ಡಿ ಇಟ್ಟರೆ ಅಳಿಯ. ಹಸಿಮೆಣಸಿನಕಾಯಿ ನಾದಿನಿ. ಪುಟಾಣಿ, ಅಂದರೆ ಹುರಿಗಡಲೆ, ಇಟ್ಟರೆ ಮಾವ. ಶೇಂಗಾ ಬೀಗರು. ಬೆಲ್ಲದ ತುಣುಕು ಮೊಮ್ಮಗಳು. "ಗಂಡಂದು?" ಎಂದು ಕೇಳಿದೆ. "ಏನೂ ಇಡಬ್ಯಾಡ. ಬರೇ ತಾಟು" ಎಂದರು.

ಈ ನಾಟಕ ಚೆನ್ನಾಗಿಯೇ ನಡೆಯಿತು. ದೀಪಾವಳಿ ಕಳೆದು ಬಂದ ಮೊದಲ ಗಡಿಗೆಗೆ ನಾನು ಶೇಂಗಾ ಇಟ್ಟೆ. ಅತ್ತೆ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ತಲೆಯಾಡಿಸಿ, "ಬೀಗರಪ್ಪಾ, ಅದೂ ಬಂಗಾರದ ಸಲುವಾಗಿ ಮಂಟಪದಾಗ ಜಗಳಾಡಿದ ಬೀಗರು" ಎಂದರು. ಆ ಎರಡನೆಯ ಭಾಗವನ್ನು ನಾನು ತಾಟಿನಲ್ಲಿ ಇಟ್ಟಿರಲಿಲ್ಲ. ನಾಲಿಗೆ ಹೋದರೂ ನಾಲಿಗೆಯ ಉದ್ದ ಕಡಿಮೆಯಾಗಿರಲಿಲ್ಲ.

ಆದರೆ ನನ್ನ ಹೈದರಾಬಾದ ದೂರವಾಗುತ್ತ ಹೋಯಿತು. ಕಳಿಸಿರಿ ಎಂದಾಗಲೆಲ್ಲ ಅತ್ತೆ ಒಂದು ನೆಪ ತೆಗೆಯುತ್ತಿದ್ದರು. ಕುರಿ ಈಯಲಿ, ಆಮೇಲೆ ಹೋಗುವಿಯಂತೆ. ಕುರಿ ಈದ ಮೇಲೆ, ತೊಗರಿ ರಾಶಿ ಆಗಲಿ. ಹೊಲದಲ್ಲಿ ತೊಗರಿಯೇ ಇರಲಿಲ್ಲ, ಗೇಣುದ್ದ ಬೆಳೆದು ಒಣಗಿ ನಿಂತಿತ್ತು. ನನಗೆ ಕಾರಣ ಗೊತ್ತಿತ್ತು, ಅವರಿಗೂ ನನಗೆ ಗೊತ್ತಿದೆಯೆಂದು ಗೊತ್ತಿತ್ತು. ಇಬ್ಬರೂ ಇಲ್ಲದ ತೊಗರಿಯ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದೆವು. ಒಮ್ಮೊಮ್ಮೆ ಸಿಟ್ಟು ನೆತ್ತಿಗೇರುತ್ತಿತ್ತು: ಇವರ ಹೆಸರು ಉಳಿಯಲೆಂದು ನಾನು ಗಂಡನನ್ನು ಬಿಟ್ಟು ಉಳ್ಳಾಗಡ್ಡಿ ಜೋಡಿಸುತ್ತ ಕೂರಬೇಕೇ?

ಆ ಹೊತ್ತಿಗೆ ಹಳ್ಳ ಪೂರ್ತಿ ಬತ್ತಿತು. ಈಚಲ ಗಿಡಗಳೂ ಸೊರಗಿದವು. ಹಳ್ಳದ ದಂಡೆಗೆ ಸಿಂದಿ ಇಳಿಸುವವರು ಇಬ್ಬರೇ ಉಳಿದಿದ್ದರು, ಡಾಬಕಾದವನೊಬ್ಬ, ಕುಶನೂರಿನವನೊಬ್ಬ. ಇಬ್ಬರೂ ಕೆತ್ತಿದರೆ ಗಿಡ ಸಾಯುತ್ತವೆ, ಈ ವರ್ಷ ಒಬ್ಬನೇ ಇಳಿಸಲಿ, ಇನ್ನೊಬ್ಬ ಎಲ್ಲರಂತೆ ಹೈದರಾಬಾದಿಗೆ ದುಡಿಯಲು ಹೋಗಲಿ ಎಂದು ಊರ ಹಿರಿಯರು ಮಾತಾಡಿಕೊಂಡರು. ಯಾರು ಎಂಬುದಕ್ಕೆ ಜಗಳವಾಯಿತು. ಕಡೆಗೆ, ಊರೆಲ್ಲರಂತೆ ನಮ್ಮ ಅತ್ತೆಯನ್ನು ಅವ್ವ ಎಂದೇ ಕರೆಯುತ್ತಿದ್ದ ಇಬ್ಬರೂ ತಾವಾಗಿಯೇ ಒಪ್ಪಿದರು: ಅವ್ವನ ಮುಂದೆ ಗಡಿಗೆ ಇಡೋಣ, ಅವಳು ಯಾರದು ಮೇಲು ಎನ್ನುತ್ತಾಳೋ ಅವನು ಉಳಿಯಲಿ.

ಬೆಳಿಗ್ಗೆ ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ಊರಲ್ಲಿ ಉಳಿದವರೆಲ್ಲ ಸೇರಿದರು. ನಾನು ಒಳಗೆ ಎರಡೂ ಗಡಿಗೆ ಸೋಸಿ ರುಚಿ ನೋಡಿದೆ. ಕಷ್ಟವೇನೂ ಇರಲಿಲ್ಲ. ಕುಶನೂರಿನವನದು ನೊರೆ ಉಕ್ಕುವ ಅಳಿಯ. ಡಾಬಕಾದವನದನ್ನು ಕುಡಿದವಳು ತಂಬಿಗೆ ಕೆಳಗಿಡುವುದನ್ನೇ ಮರೆತೆ. ಒಂದು ತಾಟಿನಲ್ಲಿ ಉಳ್ಳಾಗಡ್ಡಿ, ಇನ್ನೊಂದರಲ್ಲಿ ಬೆಲ್ಲ ಇಟ್ಟು ಹೊರಗೆ ಕೊಟ್ಟು, ಬಾಗಿಲ ಮರೆಗೆ ಬಂದು ನಿಂತೆ.

ಮಾವ ಆ ದಿನ ಬಹಳ ಕಳವಳದಲ್ಲಿದ್ದರು. ಇಬ್ಬರೂ ಅವರಿಗೆ ಬೇಕಾದವರು. ಕಳವಳವಾದರೆ ಅವರಿಗೆ ಬಾಯಾಡಿಸುವ ಚಟ. ಅತ್ತೆ ಹಿರಿಯರಿಗೆ ರಾಮರಾಮ ಹೇಳಿ ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ, ಮಾವ ಕೈ ಚಾಚಿ ಬೆಲ್ಲ ಬಾಯಿಗೆ ಹಾಕಿಕೊಂಡರು. ನಾನು ಬಾಗಿಲ ಹಿಂದೆ ಕೆಮ್ಮಿದೆ. ಅವರು ಉಳ್ಳಾಗಡ್ಡಿಯನ್ನೂ ಎತ್ತಿಕೊಂಡರು.

ಅತ್ತೆ ತಿರುಗಿ ನೋಡಿದಾಗ ಎರಡೂ ತಾಟು ಖಾಲಿ. ನಮ್ಮ ಲೆಕ್ಕದಲ್ಲಿ ಇಬ್ಬರೂ ಗಂಡ.

ಅವರು ಒಂದು ತಂಬಿಗೆ ಎತ್ತಿ ಕುಡಿದರು. ಇನ್ನೊಂದನ್ನು ಕುಡಿದರು. ಮತ್ತೆ ಮೊದಲನೆಯದನ್ನು ಎತ್ತಿದರು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿಬಿಡಬಹುದಿತ್ತು. ಅವರು ಹೇಳಿದ್ದಕ್ಕೆ ಅಲ್ಲ ಎನ್ನುವ ಗಂಡಸು ಅಲ್ಲಿ ಯಾರೂ ಇರಲಿಲ್ಲ. ಡಾಬಕಾದವನು ನೆಲ ನೋಡುತ್ತಿದ್ದ. ಕುಶನೂರಿನವನು ಅತ್ತೆಯ ತುಟಿ ನೋಡುತ್ತಿದ್ದ. ಅತ್ತೆ ತಂಬಿಗೆ ಕೆಳಗಿಟ್ಟರು.

"ಏ ಪೋರಿ, ಹೊರಗ ಬಾ."

ನಾನು ಸೆರಗು ಎಳೆದುಕೊಂಡು ಹೊಸ್ತಿಲಲ್ಲಿ ನಿಂತೆ. ಅವರು ತಮ್ಮ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಇಲ್ಲಿ ಕೂಡು. ಕುಡದು ಹೇಳು." ಮಾವನ ಎದುರು, ಊರ ಹಿರಿಯರ ಎದುರು, ಸೊಸೆ ಚಾಪೆ ಮೇಲೆ ಕೂತು ಸಿಂದಿ ಕುಡಿಯುವುದೇ! ಒಬ್ಬ ಹಿರಿಯರು, "ಇದೇನವ್ವಾ?" ಎಂದು ಬಾಯಿ ತೆಗೆದರು.

"ಬಾಯಿ ಮುಚ್ಚರಿ. ನನ್ನ ನಾಲಿಗಿ ದಸರಾದಾಗ ಹೋಗ್ಯಾದ" ಎಂದರು ಅತ್ತೆ. "ಅವತ್ತಿಂದ ನೀವು ಕೇಳ್ಲತ್ತಿದ್ದು ಈಕಿ ನಾಲಿಗಿದು, ಮಾತಷ್ಟೇ ನಂದು. ಇಷ್ಟ ದಿನ ಚಲಾಯಿಸ್ದೆ. ಇವತ್ತ ಸುಳ್ಳ ಹೇಳಿ ಒಬ್ಬಂವನ ಊರ ಬಿಡಸ್ಲಾಕ ನನ್ನ ಕೈಲಿ ಆಗಲ್ಲ."

ಮಾವನ ಬಾಯಲ್ಲಿ ಉಳ್ಳಾಗಡ್ಡಿ ಅಲ್ಲೇ ನಿಂತಿತ್ತು. ನಾನು ಎರಡೂ ತಂಬಿಗೆಯಿಂದ ಕುಡಿದು, "ಡಾಬಕಾದವರದು ಮೊಮ್ಮಗಳು" ಎಂದೆ.

ಕುಶನೂರಿನವನು ಎದ್ದು ನಿಂತ. "ಛಲೋ ನಾಟಕ ಅದರಿ ಇದು" ಎಂದ. "ಅವ್ವನ ತವರು ಡಾಬಕಾ. ತನ್ನ ಊರಿನವನ್ನ ಉಳಸ್ಕೊಳ್ಳಾಕ ಸೊಸಿ ಬಾಯಿಂದ ಹೇಳಸ್ತಾಳ. ನಾಲಿಗಿ ಹೋಗ್ತದಂತ! ಎಲ್ಲಿ ಹೋಗ್ತದ, ಹೈದರಾಬಾದಿಗೇನು?"

ಒಂದಿಬ್ಬರು ನಕ್ಕರು. ಅತ್ತೆ ಅವನಿಗೆ ಚೂರು ಚೂರು ಮಾಡುವಂಥ ಉತ್ತರ ಕೊಡುತ್ತಾರೆ ಎಂದು ನಾನು ಕಾದೆ. ಅವರು ಖಾಲಿ ತಾಟುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಸುಳ್ಳು ಹೇಳಿದಾಗಲೆಲ್ಲ ನಂಬಿದ್ದ ಜನ ನಿಜ ಹೇಳಿದ ದಿನವೇ ನಗುತ್ತಿದ್ದರು. ಹಿರಿಯರು ಡಾಬಕಾದವನೇ ಉಳಿಯಲಿ ಎಂದು ಮಾತು ಮುಗಿಸಿ, ಉಳಿದ ಸಿಂದಿಗೆ ಲೋಟ ತರಿಸಿಕೊಂಡರು.

ಸಂಜೆ ಅತ್ತೆ, "ನಾಳಿ ಬಸ್ಸಿಗಿ ಹೋಗು" ಎಂದರು. "ತೊಗರಿ ರಾಶಿ?" ಎಂದೆ. "ಸುಡುಗಾಡು ತೊಗರಿ. ಇನ್ನ ನಿನ್ನ ಹಿಡದು ಇಟ್ಕೊಂಡು ಏನು ಮಾಡ್ಲಿ?" ಎಷ್ಟೋ ತಿಂಗಳಿಂದ ಕಾದಿದ್ದ ಮಾತು. ಕುಣಿಯಬೇಕಿತ್ತು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅವರು ಹೊಗೆ ಜಾಸ್ತಿಯಾಯಿತು ಎಂದು ಒಲೆಗೇ ಬೈದರು.

ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಅಡಿಗೆಮನೆ ಸೇರಿದ್ದರು. ನನ್ನನ್ನು ಒಳಗೆ ಬಿಡಲಿಲ್ಲ. ಜ್ವರ ಬಂದಾಗಿನಿಂದ ಒಲೆ ಮುಟ್ಟಿರದವರು ರೊಟ್ಟಿ ಬಡಿದು, ಕಡಲೆಹಿಟ್ಟಿನ ಝುಣಕ ಮಾಡಿ ಬುತ್ತಿ ಕಟ್ಟಿದರು. "ದಾರ್ಯಾಗ ನೀ ಉಣ್ಣು, ಉಳದಿದ್ದು ನನ್ನ ಮಗಗ ಕೊಡು" ಎಂದರು. ಬಸ್ಸಿನ ತನಕ ಮಾವ ಬಂದರು. ಅತ್ತೆ ಬರಲಿಲ್ಲ, ಕುರಿ ಯಾರು ನೋಡಬೇಕು ಎಂದರು.

ಔರಾದಿನಿಂದ ಹೊರಟ ಬಸ್ಸು ಬೀದರಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿತ್ತು. ಗಂಟುಗಳು, ಗಡಿಗೆಗಳು, ಒಂದು ಕೋಳಿ, ಅಳುವ ಕೂಸುಗಳು. ನನ್ನ ಸೀಟಿನ ಪಕ್ಕ ನಡುದಾರಿಯಲ್ಲಿ ಒಬ್ಬ ತನ್ನ ಗಂಟಿನ ಮೇಲೇ ಕೂತಿದ್ದ. ಬೀದರ ದಾಟಿದ ಮೇಲೆ ಮುಖ ತಿರುಗಿಸಿದ. ಕುಶನೂರಿನವನು. ನಾನು ಕಿಟಕಿಯ ಹೊರಗೆ ನೋಡಿದೆ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

"ನಿಮ್ಮ ಅತ್ತಿ ಭಾಳ ಶಾಣ್ಯಾಕಿ" ಎಂದ ಕಡೆಗೆ. "ನನ್ನ ಸಿಂದಿ ಅಳಿಯ ಅಂದಿದ್ರೂ ಹೋಗ್ತಿದ್ದೆ. ಎಲ್ಲಾರ ಮುಂದ ನಾಲಿಗಿ ಹೋಗ್ಯಾದ ಅಂತ ಕಥಿ ಕಟ್ಟಬಾರದಿತ್ತು."

ಹೊಟ್ಟೆ ಹಸಿದಿತ್ತು, ಬುತ್ತಿ ಬಿಚ್ಚಿದೆ. ಪಕ್ಕದಲ್ಲಿ ಕೂತವರನ್ನು ಬಿಟ್ಟು ಉಣ್ಣುವ ಪದ್ಧತಿ ನಮ್ಮ ಕಡೆ ಇಲ್ಲ, ಜಗಳವಾಡಿದವರಾದರೂ ಸರಿ. ಒಂದು ರೊಟ್ಟಿಯ ಮೇಲೆ ಝುಣಕ ಹಾಕಿ ಅವನ ಕೈಗೆ ಕೊಟ್ಟೆ. ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿಯೂ ಇಲ್ಲ. ಅವನು ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ.

ನಾನೂ ಬಾಯಿಗಿಟ್ಟೆ. ಉಪ್ಪು. ಬರೀ ಉಪ್ಪು. ನಾಲಿಗೆ ಚುರುಚುರು ಎಂದಿತು. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದಾಗಲೆಲ್ಲ ಮತ್ತೊಂದು ಹಿಡಿ ಹಾಕಿದ್ದಿರಬೇಕು. ಬಾಯಿಗಿಟ್ಟು ನೋಡಿದರೂ ಅವರಿಗೆ ತಿಳಿಯದು. ಯಾರನ್ನಾದರೂ ಕೇಳೋಣವೆಂದರೆ ನನ್ನನ್ನು ಒಳಗೆ ಬಿಟ್ಟಿರಲಿಲ್ಲ.

"ಅವ್ವ ಮಾಡ್ಯಾಳೇನು?" ಎಂದ.

"ಹ್ಞೂಂರಿ."

ಅವನು ಬಹಳ ಹೊತ್ತು ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದ. ಆಮೇಲೆ ಅದನ್ನು ಪೂರ್ತಿ ತಿಂದ. ಇನ್ನೊಂದು ಕೊಡು ಎಂದು ಕೈ ಚಾಚಿದ. ಅದನ್ನೂ ತಿಂದ. ಕಣ್ಣಲ್ಲಿ ನೀರು ಬಂದದ್ದು ಉಪ್ಪಿಗೋ ಏನೋ, ನನಗೂ ಬಂದಿತ್ತು.

"ಅಲ್ಲವ್ವಾ ತಂಗಿ" ಎಂದ, ಬೆರಳು ನೆಕ್ಕುತ್ತ, "ಇನ್ನ ಮುಂದ ನಾವು ಗಡಿಗಿ ಯಾರ ಮುಂದ ಒಯ್ದು ಇಡಬೇಕು?"

ಜಹೀರಾಬಾದಿನಲ್ಲಿ ಬಸ್ಸು ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ನೀರಿನ ನಳದ ಕಡೆ ಓಡಿದೆವು.